ನಂಬರಿಲ್ಲದವರ ತಿರುವು

ಫೆಬ್ರವರಿ 11

ಗಿಣಿ,

ಫೋನ್ ಮಾಡಬೇಡ, ಪ್ರಯೋಜನವಿಲ್ಲ. ನೀನು ಆ ಕಡೆ ಕೂಗುತ್ತೀಯ, ನಾನು ಈ ಕಡೆ ‘ಆಂ? ಆಂ?’ ಅನ್ನುತ್ತೇನೆ, ಪಕ್ಕದ ಮನೆಯವರಿಗೆ ಪುಕ್ಕಟೆ ನಾಟಕ. ಜೀವಮಾನವೆಲ್ಲ ಮಗ್ಗದ ಶೆಡ್ಡಿನಲ್ಲಿ ದುಡಿದವನ ಕಿವಿ ಸ್ವಲ್ಪ ಮಂದವಾಗುತ್ತದೆ, ಅದು ನಿನಗೂ ಗೊತ್ತು. ಕಾಗದವೇ ವಾಸಿ. ಕಾಗದದಲ್ಲಿ ನೀನು ನಡುವೆ ಬಾಯಿ ಹಾಕುವುದಕ್ಕೂ ಆಗುವುದಿಲ್ಲ.

ವಿಷಯಕ್ಕೆ ಬರುತ್ತೇನೆ. ಭಾನುವಾರ ನೀನು ಮುಖ್ಯಸ್ಥಳಾಗಿ ನಡೆಸಿದ ಹತ್ತು ಕಿಲೋಮೀಟರ್ ಓಟದಲ್ಲಿ ನಾನೂ ಓಡಿದೆ. ಮೊದಲ ಬಸ್ಸಿಗೆ ಬಂದು ಹಿಂದಿನ ಸಾಲಿನಲ್ಲಿ ಸದ್ದಿಲ್ಲದೆ ಸೇರಿಕೊಂಡೆ. ಹೆಸರು ಬರೆಸಿರಲಿಲ್ಲ, ನಿಜ. ಎದೆಯ ಮೇಲೆ ನಂಬರ್ ಇರಲಿಲ್ಲ, ಅದೂ ನಿಜ. ಆದರೆ ಮುಗಿಯುವ ಗೆರೆ ಇನ್ನೇನು ಕಾಲಿಗೆ ಸಿಗಬೇಕು ಅನ್ನುವಾಗ ನಿನ್ನ ಕಡೆಯ ಹಳದಿ ಅಂಗಿಯ ದಾಂಡಿಗನೊಬ್ಬ ನನ್ನ ತೋಳು ಹಿಡಿದು ಎಳೆದ. ಓಡುವವನನ್ನು ಪಕ್ಕಕ್ಕೆ ಎಳೆದರೆ ಏನಾಗುತ್ತದೆ? ಬೀಳುತ್ತಾನೆ. ಬಿದ್ದೆ. ಊರೆಲ್ಲ ನೋಡಿತು. ಮೊಣಕೈ ಚರ್ಮ ಅಲ್ಲೇ ಡಾಂಬರಿನ ಮೇಲಿದೆ, ಬೇಕಾದರೆ ಹೋಗಿ ನೋಡು.

ಆ ಹೊತ್ತಿಗೆ ನೀನು ಮೈಕಿನಲ್ಲಿ, ‘ನಂಬರ್ ಇಲ್ಲದವರು ಹೊರಗೆ ಹೋಗಿ, ಹೀಗೆ ಓಡೋದು ಕಳ್ಳತನ’ ಅನ್ನುತ್ತಿದ್ದೆಯಂತೆ. ನನ್ನನ್ನು ಎಬ್ಬಿಸಿದ ಹೆಂಗಸು ಎದುರಿಗೆ ಕೂತು ಬಿಡಿಸಿ ಹೇಳಿದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಪೈಕಿ ನಾನಲ್ಲ. ಆದರೂ ಕೇಳುತ್ತೇನೆ, ನಾನು ಕದ್ದದ್ದೇನು? ರಸ್ತೆ ಇದ್ದಲ್ಲೇ ಇದೆ. ನಿನ್ನ ಅಮ್ಮ ಹೋದ ಮೇಲೆ ನಿನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ನಾನು ಓಡುತ್ತಿದ್ದದ್ದು ಅದೇ ರಸ್ತೆಯಲ್ಲಿ. ಬಾಡಿಗೆ ಕಡಿಮೆ ಅಂತ ಊರಾಚೆಗೆ ಬಂದೆನೇ ಹೊರತು ರಸ್ತೆಯನ್ನು ಯಾರಿಗೂ ಬರೆದುಕೊಟ್ಟಿಲ್ಲ.

ಮೊಣಕೈಗೆ ಪಟ್ಟಿ, ಮೂಗಿನ ಮೇಲೆ ಕೋಪ ಇರುವ
ನಿನ್ನ ಮಾವ

ಫೆಬ್ರವರಿ 17

ಮಾವ,

ನಿನ್ನ ಕಾಗದ ಓದಿ ಮೊದಲು ಅತ್ತೆ, ಆಮೇಲೆ ಸಿಟ್ಟು ಬಂತು, ಆಮೇಲೆ ಮತ್ತೆ ಅತ್ತೆ. ಬಿದ್ದವನು ನೀನು ಅಂತ ನನಗೆ ತಿಳಿದದ್ದೇ ಈಗ. ‘ಯಾರೋ ವಯಸ್ಸಾದವರು ಬಿದ್ರು, ಎದ್ದು ಹೋದ್ರು’ ಅಂತಷ್ಟೇ ನನಗೆ ಹೇಳಿದ್ದರು. ದಾಂಡಿಗನನ್ನು ಕರೆದು ಚೆನ್ನಾಗಿ ಬೈದೆ. ಅವನು, ‘ಅಕ್ಕಾ, ಎಷ್ಟು ಸಲ ಕೂಗಿದೆ ಗೊತ್ತಾ? ಆಸಾಮಿ ತಿರುಗಿ ಕೂಡ ನೋಡ್ಲಿಲ್ಲ. ಇನ್ನೇನ್ಮಾಡ್ಲಿ, ಎಳೆದೆ’ ಅಂದ. ಅವನನ್ನೂ ಪೂರ್ತಿ ಬೈಯುವುದಕ್ಕೆ ಆಗಲಿಲ್ಲ.

ಏನು ಕದ್ದೆ ಅಂತ ಕೇಳಿದೆಯಲ್ಲ, ಹೇಳುತ್ತೇನೆ, ಸಿಟ್ಟು ಮಾಡಿಕೊಳ್ಳದೆ ಓದು. ಹೆಸರು ಬರೆಸಿದವರ ಲೆಕ್ಕಕ್ಕೆ ತಕ್ಕಂತೆ ನಾವು ದಾರಿಯುದ್ದಕ್ಕೂ ನೀರು ಇಡುತ್ತೇವೆ. ಬರೆಸದವರು ಬಂದು ಕುಡಿದರೆ ಮುಂದೆ ಓಡುವ ಗಟ್ಟಿಗರಿಗೇನೂ ಕೊರತೆಯಾಗುವುದಿಲ್ಲ. ಕೊರತೆಯಾಗುವುದು ಕೊನೆಯಲ್ಲಿ ಏದುಸಿರು ಬಿಡುತ್ತಾ ಬರುವವರಿಗೆ. ಮೈಭಾರದವರು, ಮೊದಲ ಸಲ ಓಡುವವರು. ಈ ಸಲ ಅವರು ಖಾಲಿ ಡ್ರಮ್ ಮುಂದೆ ನಿಂತು ಲೋಟ ಅಲ್ಲಾಡಿಸಿ ನೋಡಿದರು.

ಇನ್ನೊಂದನ್ನು ನಿನಗೆ ಹೇಳಿರಲಿಲ್ಲ. ಹೋದ ವರ್ಷ ಸೇತುವೆಯ ಮೇಲೆ ಒಬ್ಬರು ಕುಸಿದರು. ನಂಬರ್ ಇಲ್ಲ. ನಂಬರಿನ ಚೀಟಿಯ ಹಿಂದೆ ಹೆಸರು, ರಕ್ತದ ಗುಂಪು, ಮನೆಯವರ ಫೋನು ಇರುತ್ತದೆ ಮಾವ. ಅವರ ಹತ್ತಿರ ಅದ್ಯಾವುದೂ ಇರಲಿಲ್ಲ. ಅವರು ಆಸ್ಪತ್ರೆಯಲ್ಲಿ ‘ಗುರುತು ತಿಳಿಯದ ಗಂಡಸು’ ಆಗಿ ಮಲಗಿದ್ದಾಗ ಅವರ ಹೆಂಡತಿ ಗೆರೆಯ ಹತ್ತಿರ ಫ್ಲಾಸ್ಕ್ ಹಿಡಿದುಕೊಂಡು ನಿಂತಿದ್ದರು. ಎಲ್ಲರೂ ಮನೆಗೆ ಹೋದರು, ಕಸ ಗುಡಿಸುವವರೂ ಬಂದರು, ಅವರು ನಿಂತೇ ಇದ್ದರು. ‘ಯಾರಿಗೆ ಕಾಯ್ತಿದೀರಾ?’ ಅಂತ ನಾನೇ ಹೋಗಿ ಕೇಳಿದೆ. ಆ ಮನುಷ್ಯ ಬದುಕಿಕೊಂಡರು. ಆದರೆ ಆ ಹೆಂಗಸಿನ ಮುಖವನ್ನು ನಾನು ಇನ್ನೂ ಮರೆತಿಲ್ಲ.

ಸಮಿತಿಯವರು ಈಗ ಕೆಂಡವಾಗಿದ್ದಾರೆ. ಮುಂದಿನ ಓಟಕ್ಕೆ ಗೆರೆಯ ಮುಂದೆ ಹಗ್ಗ ಕಟ್ಟಿ, ಬಾಡಿಗೆ ಪೈಲ್ವಾನರನ್ನು ನಿಲ್ಲಿಸಬೇಕಂತೆ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ, ಓಟ ನಡೆಸುವವಳ ಮಾವನೇ ನಂಬರಿಲ್ಲದೆ ಓಡಿದ ಅಂತ ಅವರಿಗೆ ತಿಳಿದರೆ ನನ್ನ ಗತಿ ಏನು? ನಿನ್ನ ಹೆಸರನ್ನು ನಾನೇ ಬರೆಸುತ್ತೇನೆ. ಹೂಂ ಅನ್ನು, ಸಾಕು.

ಮೊಣಕೈಗೆ ದಿನಾ ಮುಲಾಮು ಹಚ್ಚು.
ನಿನ್ನ ಗಿಣಿ

ಮಾರ್ಚ್ 2

ಗಿಣಿ,

ಫ್ಲಾಸ್ಕ್ ಹಿಡಿದುಕೊಂಡು ನಿಂತ ಹೆಂಗಸಿನ ಸಂಗತಿ ಓದಿ ಕಾಗದ ಮಡಿಸಿಟ್ಟೆ. ಆ ಒಂದು ವಿಷಯದಲ್ಲಿ ನೀನು ಗೆದ್ದೆ. ‘ಕಳ್ಳ’ ಅನ್ನುವ ಮಾತನ್ನು ಮಾತ್ರ ವಾಪಸ್ ತೆಗೆದುಕೊಂಡಿಲ್ಲ, ಗಮನಿಸಿದ್ದೇನೆ.

ಹೂಂ ಅನ್ನಲಾರೆ. ಮಗ್ಗದ ಶೆಡ್ಡಿನಲ್ಲಿ ನನಗೆ ಹೆಸರಿರಲಿಲ್ಲ, ನಂಬರ್ ಕೊರೆದ ಹಿತ್ತಾಳೆ ಬಿಲ್ಲೆ ಇತ್ತು. ಸಂಬಳಕ್ಕೆ ಬಿಲ್ಲೆ, ರಜೆಗೆ ಬಿಲ್ಲೆ, ಕಕ್ಕಸಿಗೆ ಹೋಗಬೇಕಾದರೂ ಬಿಲ್ಲೆ ತೋರಿಸಬೇಕು. ಮೇಸ್ತ್ರಿ ನನ್ನನ್ನು ಕರೆಯುತ್ತಿದ್ದದ್ದೂ ನಂಬರಿನಿಂದಲೇ. ಬೆಳಗ್ಗೆ ಶೆಡ್ಡಿಗೆ ಹೋಗುವ ಮುಂಚಿನ ಆ ಓಟ ಒಂದೇ ಬಿಲ್ಲೆ ಇಲ್ಲದೆ ಬದುಕಿದ ಹೊತ್ತು. ಅದರ ಮೇಲೂ ನಂಬರ್ ಅಂಟಿಸು ಅಂದರೆ ನನ್ನ ಕೈ ಏಳುವುದಿಲ್ಲ ಕಣೇ.

ಆದರೆ ಕೆಲಸಕ್ಕೆ ಬರುವ ಒಂದು ಮಾತು ಹೇಳುತ್ತೇನೆ. ನಂಬರಿಲ್ಲದವರನ್ನೆಲ್ಲ ಒಂದೇ ಗೋಣಿಚೀಲಕ್ಕೆ ತುಂಬಬೇಡ. ನಾನು ಅವರ ನಡುವೆ ಓಡಿದವನು. ಹೆಸರು ಬರೆಸುವ ದಿನವನ್ನು ನಿದ್ದೆಯಲ್ಲಿ ಕಳೆದವನೊಬ್ಬ. ಗೆಳತಿಗೆ ಹೆದರಿಕೆ ಅಂತ ಜೊತೆಗೆ ಬಂದವಳೊಬ್ಬಳು. ರಸ್ತೆ ಮುಚ್ಚಿದ್ದಾರೆ, ಕೆಲಸಕ್ಕೆ ಹೋಗಲು ಬೇರೆ ದಾರಿಯಿಲ್ಲ ಅಂತ ಊಟದ ಡಬ್ಬಿ ಹಿಡಿದುಕೊಂಡೇ ಓಡಿದವನನ್ನೂ ನೋಡಿದೆ. ಫೋಟೋಕ್ಕೆ ಹಲ್ಲು ಕಿರಿಯಲು ಬರುವ ಶೋಕಿಲಾಲರೂ ಇದ್ದಾರೆ, ಇಲ್ಲ ಅನ್ನುವುದಿಲ್ಲ. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಯಾಕೆ? ನಿಮ್ಮವರು ಹಿಡಿಯುವ ಜಾಗವೇ ತಪ್ಪು. ಗೆರೆಯ ಮುಂದೆ, ಸಾವಿರ ಕಣ್ಣೆದುರು ಎಳೆದರೆ ಎಂಥ ಸಾಧುವೂ ತಿರುಗಿಬೀಳುತ್ತಾನೆ. ಅದಕ್ಕೂ ಮುಂಚೆ ಬೇಕರಿ ತಿರುವಿನಲ್ಲಿ, ಯಾರೂ ನೋಡದ ಕಡೆ, ಜೊತೆಗೆ ನಾಲ್ಕು ಹೆಜ್ಜೆ ಓಡಿ, ಹೆಗಲ ಮೇಲೆ ಕೈಯಿಟ್ಟು, ಪಕ್ಕದ ಗಲ್ಲಿಗೆ ತಿರುಗಿಸಬೇಕು. ಅಲ್ಲೂ ಒಂದು ಡ್ರಮ್ ನೀರಿರಲಿ, ಚಪ್ಪಾಳೆ ತಟ್ಟಲು ಇಬ್ಬರಿರಲಿ. ಮರ್ಯಾದೆ ಉಳಿದರೆ ಮನುಷ್ಯ ಹೇಳಿದ ಕಡೆ ಹೋಗುತ್ತಾನೆ.

ಬಿಟ್ಟಿ ಸಲಹೆಗಾರ,
ಮಾವ

ಏಪ್ರಿಲ್ 20

ಮಾವ,

ನಿನ್ನ ಕಾಗದದ ಕೊನೆಯ ಭಾಗವನ್ನು ಸಮಿತಿಯಲ್ಲಿ ಓದಿದೆ, ಯಾರು ಬರೆದದ್ದು ಅಂತ ಹೇಳದೆ. ಖಜಾಂಚಿ ನಕ್ಕರು. ಸಮಿತಿಯ ಡಾಕ್ಟರು ನಗಲಿಲ್ಲ. ‘ಇದು ನಡೆಯೋ ಮಾತು. ಆದ್ರೆ ಅಷ್ಟು ನಯವಾಗಿ ಹೇಳೋರು ಬೇಕಲ್ಲ, ಯಾರಿದಾರೆ?’ ಅಂದರು. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಅಂತ ಎಲ್ಲರೂ ಮುಖ ಮುಖ ನೋಡಿಕೊಂಡರು. ನನ್ನ ಬಾಯಿಂದ ‘ನಮ್ಮ ಮಾವ ಇದಾರೆ’ ಅಂತ ಬಂದೇಬಿಟ್ಟಿತು.

ಆಗಸ್ಟಿನ ಓಟಕ್ಕೆ ಬೇಕರಿ ತಿರುವು ನಿನ್ನದು. ಹಸಿರು ಟೋಪಿ ಕೊಡುತ್ತಾರೆ. ನಂಬರ್ ಬೇಕಾಗಿಲ್ಲ, ಸಮಾಧಾನವಾಯಿತೇ?

ಡಾಕ್ಟರು ಒಂದು ಪ್ರಶ್ನೆ ಕೇಳಿದರು, ವಯಸ್ಸಾದವರು ಅಂದ್ರಿ, ಕಣ್ಣು ಕಿವಿ ಸರಿಯಾಗಿದೆಯಾ ಅಂತ. ಸರಿಯಾಗಿದೆ ಅಂದೆ. ಸರಿಯಾಗಿದೆ ತಾನೇ ಮಾವ?

ಉತ್ತರಕ್ಕೆ ಕಾಯುತ್ತಿರುವ
ಗಿಣಿ

ಮೇ 1

ಗಿಣಿ,

ಕೆಲಸ ಒಪ್ಪಿದೆ. ಹಸಿರು ನನಗೆ ಒಪ್ಪುವುದಿಲ್ಲ, ಆದರೂ ಹಾಕಿಕೊಳ್ಳುತ್ತೇನೆ. ಶೆಡ್ಡು ಮುಚ್ಚಿದ ಮೇಲೆ ಯಾರಾದರೂ ‘ನೀನು ಬಾ, ನಿನ್ನಿಂದ ಆಗುತ್ತದೆ’ ಅಂದದ್ದು ಇದೇ ಮೊದಲು. ಎರಡು ದಿನ ಕಾರಣವಿಲ್ಲದೆ ನಗುತ್ತಾ ಓಡಾಡಿದೆ. ಅಂಗಡಿಯವನು ‘ಲಾಟರಿ ಹೊಡೀತಾ?’ ಅಂತ ಕೇಳಿದ.

ಕಿವಿಯ ಚಿಂತೆ ನಿನಗೆ ಬೇಡ. ಎದುರಿಗೆ ನಿಂತು ಮಾತಾಡಿದರೆ ಎಲ್ಲ ತಿಳಿಯುತ್ತದೆ. ಬೆಳಗ್ಗೆ ಓಡುವಾಗ ಅಭ್ಯಾಸ ಶುರುಮಾಡಿದ್ದೇನೆ. ಗುರುತಿಲ್ಲದವರ ಪಕ್ಕದಲ್ಲಿ ಓಡಿ, ಹೆಗಲ ಮೇಲೆ ಕೈಯಿಟ್ಟು, ‘ಬನ್ನಿ, ಈ ಕಡೆ ನೆರಳಿದೆ’ ಅಂತ ಗಲ್ಲಿಗೆ ತಿರುಗಿಸುವುದು. ಒಬ್ಬ ನಿಜವಾಗಿಯೂ ಬಂದುಬಿಟ್ಟ. ಅವನನ್ನು ಮತ್ತೆ ರಸ್ತೆಗೆ ಕಳಿಸಲು ಸಾಕುಬೇಕಾಯಿತು.

ಬೇಕರಿ ತಿರುವಿನ ದೊರೆ,
ಮಾವ

ಆಗಸ್ಟ್ 14

ಮಾವ,

ಮೊದಲು ಒಳ್ಳೆಯದನ್ನು ಹೇಳುತ್ತೇನೆ. ಭಾನುವಾರ ನೀನು ಗಲ್ಲಿಗೆ ಕಳಿಸಿದವರಲ್ಲಿ ಒಬ್ಬರೂ ಜಗಳಕ್ಕೆ ಬರಲಿಲ್ಲ. ಗೆರೆಯ ಹತ್ತಿರ ಕೊನೆಯವರ ತನಕ ನೀರು ಸಿಕ್ಕಿತು. ಶೋಕಿಲಾಲನೊಬ್ಬ ಬಂದು, ‘ಆ ಟೋಪಿ ತಾತ ಯಾರು? ಮುಂದಿನ ಸಲ ಹೆಸರು ಬರೆಸ್ತೀನಿ ಅಂತ ಹೇಳಿ ಅವ್ರಿಗೆ’ ಅಂದ. ನನ್ನ ಎದೆ ಎಷ್ಟು ಉಬ್ಬಿತು ಅಂತ ಹೇಳಲಾರೆ.

ಈಗ ಇನ್ನೊಂದು. ಬಹಳ ಹಿಂದೆ ಉಳಿದಿದ್ದ ಒಬ್ಬ ಹೆಂಗಸು, ನೀಲಿ ಜಾಕೆಟ್ಟು, ನೆನಪಿದೆಯಾ? ತುಂತುರು ಬೀಳುತ್ತಿತ್ತು, ಚಳಿಗೆ ಜಾಕೆಟ್ಟು ಹಾಕಿಕೊಂಡಿದ್ದರು. ಅವರ ನಂಬರ್ ಅದರ ಒಳಗಿತ್ತು. ಹೆಸರು ಬರೆಸಿದವರು ಮಾವ, ಮೊದಲ ದಿನವೇ ಬಂದು ಬರೆಸಿದ್ದರು. ‘ನನಗೆ ನಂಬರ್ ಇದೆ’ ಅಂತ ನಿನಗೆ ಮೂರು ಸಲ, ಕೊನೆಗೆ ಅಳುತ್ತಾ ಹೇಳಿದರಂತೆ. ಬಿಚ್ಚಿ ತೋರಿಸಲು ಹೋದರೆ ಜಿಪ್ಪು ಸಿಕ್ಕಿಕೊಂಡಿತಂತೆ. ನೀನು ನಗುತ್ತಾ ಹೆಗಲ ಮೇಲೆ ಕೈಯಿಟ್ಟು ಗಲ್ಲಿಗೆ ತಿರುಗಿಸಿದೆ. ‘ಎಷ್ಟು ಪ್ರೀತಿಯಿಂದ ತಳ್ಳಿದರು ಅಂದ್ರೆ, ಕೊಡವಿಕೊಂಡು ಹೋಗೋಕೂ ಮನಸ್ಸು ಬರ್ಲಿಲ್ಲ’ ಅಂದರು. ಗಲ್ಲಿ ಸುತ್ತಿಕೊಂಡು ಗೆರೆಗೆ ಬರುವ ಹೊತ್ತಿಗೆ ಗಡಿಯಾರ ನಿಂತಿತ್ತು, ಗಾಳಿ ತುಂಬಿ ನಿಲ್ಲಿಸಿದ್ದ ಕಮಾನು ಗಾಳಿ ಬಿಟ್ಟು ನೆಲಕ್ಕೆ ಮಲಗಿತ್ತು. ಅವರ ಮಗಳು ಫೋಟೋ ತೆಗೆಯಲು ಅಲ್ಲೇ ಕಾಯುತ್ತಿದ್ದಳು.

ಅವರು ಟೈಲರ್. ಕೂತು ಹೊಲಿದು ಹೊಲಿದು ಕಾಲು ಮರಗಟ್ಟಿ, ಡಾಕ್ಟರ ಮಾತಿಗೆ ನಡೆಯಲು ಶುರುಮಾಡಿ, ಒಂದು ವರ್ಷದಲ್ಲಿ ಓಡುವ ಮಟ್ಟಕ್ಕೆ ಬಂದವರು. ಕೂಗಾಡಲಿಲ್ಲ. ನಮ್ಮ ಮೇಜಿನ ಮುಂದೆ ಕೂತು ಅತ್ತರು.

ಸಮಿತಿ ನನ್ನನ್ನು ಒಂದೇ ಮಾತು ಕೇಳುತ್ತಿದೆ. ನಿಮ್ಮ ಮಾವನಿಗೆ ಕೇಳಿಸಲಿಲ್ಲವೋ, ಕೇಳಿಸಿಯೂ ನಂಬಲಿಲ್ಲವೋ? ಕೇಳಿಸಲಿಲ್ಲ ಅಂದರೆ, ಇನ್ನು ಮುಂದೆ ಕಿವಿ ಕೇಳಿಸದವರು ಈ ಓಟದ ರಸ್ತೆಗೆ ಇಳಿಯಕೂಡದು, ಕೆಲಸಕ್ಕೂ ಇಲ್ಲ, ಓಟಕ್ಕೂ ಇಲ್ಲ ಅನ್ನುತ್ತಿದ್ದಾರೆ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಬರೆಯಬೇಡ. ನಿಜ ಹೇಳು.

ಗಿಣಿ

ಸೆಪ್ಟೆಂಬರ್ 9

ಗಿಣಿ,

ಕೇಳಿಸಿತ್ತು. ನಂಬಲಿಲ್ಲ. ಎಲ್ಲರೂ ಹಾಗೇ ಹೇಳುತ್ತಾರೆ ಅಂದುಕೊಂಡೆ. ತಪ್ಪು ಪೂರ್ತಿ ನನ್ನದು, ನಿನ್ನದೇನೂ ಇಲ್ಲ. ಸಮಿತಿಗೆ ಹಾಗೆಯೇ ಹೇಳಿಬಿಡು. ಟೋಪಿಯನ್ನು ಒಗೆದು ಇಟ್ಟಿದ್ದೇನೆ, ಕಳಿಸುತ್ತೇನೆ.

ಮಾವ

ಸೆಪ್ಟೆಂಬರ್ 15

ಮಾವ,

ನೀನು ಸುಳ್ಳು ಹೇಳುವುದರಲ್ಲಿ ಮೊದಲಿನಿಂದಲೂ ದಡ್ಡ. ಯಾರು ಏನು ಹೇಳಿದರೂ ನಂಬುವ ಮನುಷ್ಯ ನೀನು. ನಾನು ಶಾಲೆಗೆ ಚಕ್ಕರ್ ಹೊಡೆದು ಹೊಟ್ಟೆನೋವು ಅಂದಾಗಲೆಲ್ಲ ನಂಬಿದವನು. ಒಬ್ಬ ಹೆಂಗಸು ಅಳುತ್ತಾ ಹೇಳಿದ್ದು ಕೇಳಿಸಿಯೂ ನೀನು ನಂಬಲಿಲ್ಲ ಅಂತ ನನ್ನ ಹತ್ತಿರ ಹೇಳುತ್ತೀಯಾ?

ಜೂನಿನಲ್ಲಿ ನಾನು ಹೇಳದೆ ಕೇಳದೆ ನಿನ್ನ ಮನೆಗೆ ಬಂದಿದ್ದೆನಲ್ಲ, ಅವತ್ತು ಬಾಗಿಲು ತೆರೆದಿತ್ತು. ನೀನು ಈ ಕಡೆ ಬೆನ್ನು ಮಾಡಿ ಪಾತ್ರೆ ತೊಳೆಯುತ್ತಿದ್ದೆ. ‘ಮಾವ’ ಅಂದೆ. ‘ಮಾವಾ’ ಅಂತ ಕೂಗಿದೆ. ಕೊನೆಗೆ ಚಿಕ್ಕಂದಿನಲ್ಲಿ ಕಿರುಚುತ್ತಿದ್ದೆನಲ್ಲ, ಹಾಗೆ ಕಿರುಚಿದೆ. ಪಕ್ಕದ ಮನೆಯವರು ಹೊರಗೆ ಬಂದು ನೋಡಿದರು, ನೀನು ತಿರುಗಲಿಲ್ಲ. ಸುತ್ತಿಕೊಂಡು ಹೋಗಿ ಅಡುಗೆಮನೆಯ ಕಿಟಕಿಯಲ್ಲಿ ಕೈ ಆಡಿಸಿದೆ. ‘ಈಗ ಬಂದ್ಯಾ?’ ಅಂತ ನಕ್ಕೆ ನೀನು. ‘ಹೂಂ, ಈಗಷ್ಟೇ’ ಅಂದೆ ನಾನು.

ಅವತ್ತೇ ನಿನ್ನನ್ನು ಆ ತಿರುವಿನಿಂದ ತೆಗೆಯಬೇಕಿತ್ತು. ಗೋಡೆಗೆ ಓಟದ ದಾರಿಯ ನಕ್ಷೆ ಅಂಟಿಸಿಕೊಂಡು, ಎಲ್ಲಿ ನಿಲ್ಲಬೇಕು ಅಂತ ಬೆರಳಿಟ್ಟು ತೋರಿಸಿದೆ ನನಗೆ. ಬೇಡ ಅನ್ನಲು ಬಾಯಿ ಬರಲಿಲ್ಲ. ನೀನು ಕೇಳಿಸುತ್ತದೆ ಅಂತ ನಟಿಸಿದೆ, ನಾನು ಗೊತ್ತಿಲ್ಲ ಅಂತ ನಟಿಸಿದೆ, ನಡುವೆ ಪೆಟ್ಟು ತಿಂದವರು ಆ ಟೈಲರ್.

ಸಮಿತಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಕಿವಿ ಕೇಳಿಸದವರನ್ನು ಕಿವಿ ಬೇಕಾದ ಕೆಲಸಕ್ಕೆ ನಿಲ್ಲಿಸಿದವಳು ನಾನು, ಅವರ ತಪ್ಪಲ್ಲ ಅಂದೆ. ನನ್ನನ್ನು ಮುಖ್ಯಸ್ಥಳ ಜಾಗದಿಂದ ಇಳಿಸಿದರು. ಮೈಕೂ ಹೋಯಿತು. ಗಿಣಿ ಪಂಜರ ಸೇರಿತು ಅಂತ ನಗಬೇಡ. ಆದರೆ ರಸ್ತೆಗೇ ಇಳಿಯಕೂಡದು ಅನ್ನುವ ಮಾತನ್ನು ಅವರು ಬಿಡುವ ತನಕ ನಾನು ಕೂತ ಜಾಗದಿಂದ ಏಳಲಿಲ್ಲ. ಡಾಕ್ಟರೂ ನನ್ನ ಕಡೆ ಬಂದರು. ಕೊನೆಗೆ ತೀರ್ಮಾನವಾದದ್ದು ಇಷ್ಟು. ಕಿವಿ ಕೇಳಿಸದವರು ಓಡಬಹುದು. ಹೆಸರು ಬರೆಸಬೇಕು, ನಂಬರಿನ ಮೇಲೆ ಹಾಗಂತ ಕಾಣುವಂತೆ ಬರೆದಿರಬೇಕು, ಪಕ್ಕದಲ್ಲಿ ಕೇಳಿಸುವವರೊಬ್ಬರು ಓಡಬೇಕು.

ಮುಖ್ಯಸ್ಥಳಲ್ಲದ ಮೇಲೆ ಫೆಬ್ರವರಿಯ ಭಾನುವಾರ ನನಗೆ ಕೆಲಸವಿಲ್ಲ. ಬಿಲ್ಲೆಯ ಮಾತು ನಾನು ಮರೆತಿಲ್ಲ, ಬಲವಂತ ಮಾಡುವುದೂ ಇಲ್ಲ. ಆದರೆ ನೀನು ಎಲ್ಲೋ ಕುಸಿದು, ನಾನು ಗೆರೆಯ ಹತ್ತಿರ ನಿಂತು ಕಾಯುವ ಹಾಗೆ ಮಾಡಬೇಡ ಮಾವ. ನನ್ನಿಂದ ಆಗುವುದಿಲ್ಲ.

ಹಾಂ, ‘ಕಳ್ಳ’ ಅಂದದ್ದನ್ನು ವಾಪಸ್ ತೆಗೆದುಕೊಂಡಿದ್ದೇನೆ.

ಗಿಣಿ

ಅಕ್ಟೋಬರ್ 6

ಗಿಣಿ,

ನಿನ್ನ ಕಾಗದ ಬಂದ ಮೇಲೆ ನಾಲ್ಕು ದಿನ ಓಡಲು ಹೋಗಲಿಲ್ಲ. ಐದನೇ ದಿನ ಬಸ್ಸು ಹತ್ತಿ ಆ ಟೈಲರಮ್ಮನ ಅಂಗಡಿಗೆ ಹೋದೆ. ಬಾಗಿಲಲ್ಲೇ ಗುರುತು ಹಿಡಿದರು. ಮಿಷಿನ್ ನಿಲ್ಲಿಸಿದರು, ಮುಖ ಗಂಟು ಹಾಕಿಕೊಂಡರು. ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತೆಲ್ಲ ಮರೆತುಹೋಯಿತು. ‘ಅಮ್ಮಾ, ನನಗೆ ಕಿವಿ ಕೇಳಿಸಲ್ಲ. ನೀವು ಹೇಳಿದ್ದು ಒಂದು ಅಕ್ಷರಾನೂ ಕೇಳಿಸ್ಲಿಲ್ಲ’ ಅಂದುಬಿಟ್ಟೆ. ಗಿಣಿ, ಆ ಮಾತನ್ನು ನಾನು ಯಾರ ಮುಂದೆಯೂ ಹೇಳಿರಲಿಲ್ಲ. ನನ್ನ ದನಿ ಎಷ್ಟು ಜೋರಾಗಿತ್ತೋ ಏನೋ, ರಸ್ತೆಯಲ್ಲಿ ಹೋಗುವವರು ನಿಂತು ನೋಡಿದರು.

ಅವರು ಏನೋ ಅಂದರು, ನನಗೆ ತಿಳಿಯಲಿಲ್ಲ. ತಿಳಿದವನ ಹಾಗೆ ತಲೆ ಆಡಿಸುವುದು ನನಗೆ ಅಭ್ಯಾಸ. ಈ ಸಲ ಆಡಿಸಲಿಲ್ಲ, ‘ತಿಳೀಲಿಲ್ಲ’ ಅಂದೆ. ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣ ತೆಗೆದುಕೊಂಡು ಮೇಜಿನ ಮೇಲೆ ಬರೆದರು. ‘ಕಿವಿ ಬಿಡಿ, ಕಣ್ಣಿತ್ತಲ್ಲ? ನಾನು ಅಳ್ತಾ ಇದ್ದದ್ದು ಕಾಣಿಸ್ಲಿಲ್ವಾ?’

ಕಾಣಿಸಿತ್ತು. ಅಲ್ಲಿಗೆ ಬರುವ ಹೊತ್ತಿಗೆ ಅಳುತ್ತಿರುವವರು ಬಹಳ ಜನ ಇರುತ್ತಾರೆ, ಅದಕ್ಕೇ ಲಕ್ಷ್ಯ ಕೊಡಲಿಲ್ಲ ಅಂದೆ. ಅದು ನಿಜ, ಆದರೆ ಒಳ್ಳೆಯ ಉತ್ತರವಲ್ಲ. ಅವರು ಕ್ಷಮಿಸಿದೆ ಅನ್ನಲಿಲ್ಲ. ಟೀ ತರಿಸಿದರು. ನಾನು ಹೊರಡುವಾಗ ಇನ್ನೊಂದು ಸಾಲು ಬರೆದರು. ‘ಫೆಬ್ರವರಿಗೆ ಮತ್ತೆ ಓಡ್ತೀನಿ. ನೀವು ಮಾತ್ರ ಆ ತಿರುವಲ್ಲಿ ನಿಲ್ಲಬೇಡಿ.’ ಇಬ್ಬರೂ ನಕ್ಕೆವು. ಅವರು ಸ್ವಲ್ಪ ಕಡಿಮೆ ನಕ್ಕರು.

ವಾಪಸ್ ಬರುವಾಗ ಬಸ್ಸಿನ ಕಿಟಕಿಯಲ್ಲಿ ರಸ್ತೆ ನೋಡುತ್ತಾ ಕೂತೆ. ಕಿವಿ ಪೂರ್ತಿ ಹೋದ ಮೇಲೆ ಈ ಎರಡು ವರ್ಷ ನಾನು ಹೇಗೆ ಓಡಿದೆ ಅಂತ ನನಗೇ ಆಶ್ಚರ್ಯ. ಹಿಂದಿನಿಂದ ಏನು ಬರುತ್ತಿದೆ ಅಂತ ತಿಳಿಯದೆ ಓಡುವುದು ಸುಖವಲ್ಲ ಕಣೇ, ಬೆನ್ನೆಲ್ಲ ಭಯ. ಸುಖ ಅಂತ ನಿನಗೂ ಹೇಳುತ್ತಿದ್ದೆ, ನನಗೂ ಹೇಳಿಕೊಳ್ಳುತ್ತಿದ್ದೆ.

ನನ್ನ ಹೆಸರು ಬರೆಸು. ಕಿವುಡ ಅಂತ ದಪ್ಪಕ್ಷರದಲ್ಲೇ ಇರಲಿ, ಸಣ್ಣದಾಗಿ ಬರೆದು ಮಾನ ಉಳಿಸಲು ಹೋಗಬೇಡ. ನೀನು ನನ್ನ ಬಲಗಡೆ ಓಡು. ನಿಧಾನಕ್ಕೆ ಓಡಬೇಕಾಗುತ್ತದೆ, ಮಾತಾಡುವುದೂ ಆಗುವುದಿಲ್ಲ, ನಿನಗೆ ಅದೇ ಕಷ್ಟ.

ಜೂನಿನ ಸಂಗತಿ ಬರೆದಿದ್ದೀಯಲ್ಲ, ಅದನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ಮೇಸ್ತ್ರಿಯ ಬೈಗುಳ ಕೇಳಿಸದೆ ಹೋದಾಗ ಹಾಯಾಗಿತ್ತು. ಬಸ್ಸಿನ ಹಾರನ್ನು, ಪಕ್ಕದ ಮನೆಯ ಜಗಳ, ನಿನ್ನ ಮೈಕು, ಯಾವುದು ಹೋದರೂ ನನಗೆ ದುಃಖವಾಗಲಿಲ್ಲ. ನೀನು ನನ್ನ ಬಾಗಿಲಲ್ಲಿ ನಿಂತು ಅಷ್ಟು ಸಲ ಕರೆದೆ, ನಾನು ಬೆನ್ನು ತಿರುಗಿಸಿಕೊಂಡೇ ಇದ್ದೆ ಅನ್ನುವುದನ್ನು ಮಾತ್ರ ತಡೆದುಕೊಳ್ಳಲಾರೆ.

ಇನ್ನು ಮೇಲೆ ಬಾಗಿಲಲ್ಲಿ ನಿಂತು ಕೂಗಬೇಡ ಮಗಳೇ. ಒಳಗೆ ಬಂದು ನನ್ನ ಬೆನ್ನು ಮುಟ್ಟು.

ನಿನ್ನ ಕಿವುಡ ಮಾವ